ಹದಿನಾರನೆಯ ಕಂಬ

ಕಟ್ಟಡಗಳಿಗೆ ಬಾಯಿ ಬಂದರೆ ಅವು ಮೊದಲು ಮಾಡುವ ಕೆಲಸ ಮನೆಯವರ ಮೇಲೆಯೇ ಚಾಡಿ ಹೇಳುವುದು. ಹಾಲಗುಂದಿಯ ಜನಕ್ಕೆ ಇದು ತಿಳಿದದ್ದು 2053ರ ಬೇಸಿಗೆಯಲ್ಲಿ, ಊರಿನ ಗರಡಿಮನೆ ತನ್ನ ಮೇಲೆ ತಾನೇ ದೂರು ಕೊಟ್ಟುಕೊಂಡು, ಕೆಡವಬೇಕಾದ ಕಟ್ಟಡಗಳ ಕೆಂಪು ಪಟ್ಟಿ ಸೇರಿದಾಗ. ಆ ದೂರನ್ನು ಓದಿ, ಸರಿಯಾಗಿದೆ ಎಂದು ರುಜು ಹಾಕಿದವಳು ನೀಲಗಂಗಾ. ಊರಾಚೆಯ ಕಂಪನ ನಿಗಾ ಕೇಂದ್ರದಲ್ಲಿ ಅವಳು ಎಂಜಿನಿಯರು. ಅದೇ ಗರಡಿಯ ವಸ್ತಾದ, ಅಂದರೆ ಕುಸ್ತಿ ಕಲಿಸುವ ಗುರು, ಸಿದರಾಯ ಪೈಲ್ವಾನರಿಗೆ ಸೊಸೆಯೂ ಹೌದು. ಇಂಥ ಸಂಬಂಧ ಇಟ್ಟುಕೊಂಡು ಇಂಥ ಕಾಗದಕ್ಕೆ ರುಜು ಹಾಕಿದರೆ ಮನೆಯಲ್ಲಿ ಉಂಡ ಅನ್ನ ಹೇಗೆ ಮೈಗೆ ಹತ್ತುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಗರಡಿ ಕಟ್ಟಿದ್ದು 1938ರಲ್ಲಿ, ಸಿಮೆಂಟು ಎಂದರೆ ಏನೆಂದು ಸುತ್ತಲಿನ ಹತ್ತೂರಿಗೆ ಗೊತ್ತಿಲ್ಲದ ಕಾಲದಲ್ಲಿ. ಚಕ್ರಾಕಾರವಾಗಿ ನಿಂತ ಹದಿನಾರು ದುಂಡು ಕಂಬ, ಅವುಗಳ ತಲೆಯ ಮೇಲೆ ಬಳೆಯಂತೆ ಸುತ್ತಿಬಂದ ಒಂದು ತೊಲೆ, ಅದರ ಮೇಲೆ ಬೋರಲು ಹಾಕಿದ ಬುಟ್ಟಿಯ ಹಾಗೆ ಕಾಂಕ್ರೀಟಿನ ಗುಮ್ಮಟ. ನಡುವೆ ಕೆಮ್ಮಣ್ಣಿನ ಅಖಾಡ. ಕಲ್ಲನ್ನು ಕಲಸಿ ಸುರಿಯುತ್ತಾರಂತೆ ಎಂದು ನೋಡಲು ಹಳ್ಳಿಗಳ ಜನ ಬುತ್ತಿ ಕಟ್ಟಿಕೊಂಡು ಬಂದಿದ್ದರಂತೆ. ಒಂದೊಂದು ಕಂಬಕ್ಕೆ ಒಬ್ಬ ಪೈಲ್ವಾನ. ಅಖಾಡಕ್ಕೆ ಇಳಿಯುವ ಮುಂಚೆ ಮೈಗೆ ಎಣ್ಣೆ ತಿಕ್ಕಿಕೊಂಡು, ತನ್ನ ಕಂಬವನ್ನು ಅಪ್ಪಿ ಹಿಡಿದು ನೂರು ಉಸಿರು ಎಣಿಸಬೇಕು. ರಟ್ಟೆ ಗಟ್ಟಿಯಾಗುವುದೇ ಹಾಗೆ. ಪೈಲ್ವಾನರು ಬರುತ್ತಿದ್ದರು, ಸಂಸಾರದ ನೊಗ ಹೊತ್ತು ಹೋಗುತ್ತಿದ್ದರು, ಕಂಬಗಳ ಒಡೆತನ ಬದಲಾಗುತ್ತಿತ್ತು. ಹದಿನಾರನೆಯದು ಮಾತ್ರ ಅರವತ್ತು ವರ್ಷದಿಂದ ಸಿದರಾಯರದ್ದೇ ಆಗಿತ್ತು.

ಎಂಟು ವರ್ಷದಿಂದ ಈ ಸೀಮೆಯ ನೆಲ ನೆಟ್ಟಗೆ ಮಲಗಿಲ್ಲ. ವಾರಕ್ಕೆ ಮೂರು ನಾಲ್ಕು ಸಲ ಸಣ್ಣಗೆ ಮೈ ಕೊಡವುತ್ತದೆ. ದೊಡ್ಡದು ಒಂದು ದಿನ ಬಂದೇ ಬರುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಹಳೆಯ ಕಾಂಕ್ರೀಟಿನ ಕಷ್ಟವೆಂದರೆ, ಭಾರ ಹೊರುವುದರಲ್ಲಿ ಅದು ಗಟ್ಟಿ, ಓಲಾಡುವುದರಲ್ಲಿ ದಡ್ಡ. ಕಂಬದೊಳಗಿನ ಉದ್ದ ಸರಳುಗಳನ್ನು ಸುತ್ತುಗಟ್ಟಿ ಹಿಡಿಯುವ ರಿಂಗುಗಳನ್ನು ಆಗಿನವರು ಮೊಳಕ್ಕೊಂದು ಹಾಕಿದರೆ ಅದೇ ಹೆಚ್ಚು. ನೆಲ ಜೋರಾಗಿ ಅಲುಗಿದರೆ ಸರಳು ಹೊರಕ್ಕೆ ಬಾಗಿ ಕಂಬ ಒಡೆಯುತ್ತದೆ. ಅದಕ್ಕೇ ಇಂಗಾಲದ ನೂಲಿನ ಬಟ್ಟೆ. ಕಂಬದ ಮೈ ಉಜ್ಜಿ, ರಾಳದ ಅಂಟು ಬಳಿದು, ಮೊದಲು ಮೇಲಿನಿಂದ ಕೆಳಕ್ಕೆ ಪಟ್ಟಿಗಳನ್ನು ಅಂಟಿಸಿ, ಅವುಗಳ ಮೇಲೆ ಸುತ್ತಲೂ ಬಿಗಿಯಾಗಿ ಸುತ್ತಬೇಕು. ಪೈಲ್ವಾನ ಲಂಗೋಟಿ ಬಿಗಿದ ಹಾಗೆ. ಆಮೇಲೆ ಕಂಬ ಬಾಗಬಹುದು, ಬಿಚ್ಚಿಕೊಳ್ಳುವುದಿಲ್ಲ. ಅಂಟು ಗಟ್ಟಿಯಾದರೆ ಆ ಬಟ್ಟೆ ಉಕ್ಕಿಗಿಂತ ಬಲ, ಕಟ್ಟಡದ ಚಹರೆಯೂ ಕೆಡುವುದಿಲ್ಲ.

ಹಾಲಗುಂದಿಯ ಕೇಂದ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆ ಬಟ್ಟೆಯೊಳಗೆ ಬೆಳಕಿನ ಎಳೆಗಳನ್ನು ನೇಯಿಸಿತ್ತು. ನೆಲ ಅಲುಗಿದಾಗ ಕಂಬದ ಜೊತೆ ಬಟ್ಟೆಯೂ ಹಿಗ್ಗಿ ಕುಗ್ಗಿದರೆ ಎಳೆಯೊಳಗಿನ ಬೆಳಕು ತುಸು ಬದಲಾಗುತ್ತದೆ. ಕೇಂದ್ರದ ಯಂತ್ರ ಅದನ್ನು ಓದಿ ಹಸಿರು ಇಲ್ಲವೇ ಕೆಂಪು ಎಂದು ತೀರ್ಪು ಕೊಡುತ್ತದೆ. ಊರವರು ಆ ಯಂತ್ರವನ್ನು ‘ಪಂಚರು’ ಎಂದು ಕರೆಯುತ್ತಿದ್ದರು, ಕುಸ್ತಿಯ ತೀರ್ಪುಗಾರರನ್ನು ಕರೆಯುವ ಹಾಗೆ. ಒಂದು ಕಂಬ ಕೆಂಪಾದರೂ ಇಡೀ ಕಟ್ಟಡ ಕೆಂಪು. ಕೆಂಪಾದ ಕಟ್ಟಡವನ್ನು ಇಪ್ಪತ್ತೊಂದನೆಯ ದಿನ ಸಂಜೆ ಐದಕ್ಕೆ ಕೆಡವಬೇಕು. ಅದಕ್ಕೆ ಒಂದು ಗೇಣು ಹೊಸ ಬಟ್ಟೆಯನ್ನೂ ಕೊಡುವಂತಿಲ್ಲ, ಇದ್ದ ಬಟ್ಟೆಯನ್ನು ಯಾರೂ ಕತ್ತರಿಸುವಂತಿಲ್ಲ. ಆ ಗಡುವಿನೊಳಗೆ ಕಂಬಗಳೆಲ್ಲ ಹಸಿರು ತೋರಿಸಿದರೆ ಮಾತ್ರ ಆದೇಶ ತಾನಾಗಿ ರದ್ದು.

ಗರಡಿಯ ಹದಿನಾರೂ ಕಂಬ ಕೆಂಪಾಗಿದ್ದವು. ಬುಡದಲ್ಲಿ ಬಟ್ಟೆ ಅಲುಗುತ್ತಿಲ್ಲ, ಅಂದರೆ ಒಳಗಿನ ಕಾಂಕ್ರೀಟು ಪುಡಿಯಾಗಿ ಸತ್ತಿದೆ ಎಂದಿತು ಯಂತ್ರ.

ಅಂದಿನಿಂದ ಸಿದರಾಯರು ಸೊಸೆಯೊಂದಿಗೆ ಮಾತು ಬಿಟ್ಟರು. ಎಪ್ಪತ್ತಾರು ವಯಸ್ಸಾದರೂ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದ ಆಳು. ಮಜ್ಜಿಗೆ ಬೇಕಾದರೆ ಎದುರಿಗೇ ನಿಂತ ಅವಳನ್ನು ಬಿಟ್ಟು ಗೋಡೆಯನ್ನು ಕೇಳುತ್ತಿದ್ದರು. ಗಂಡ ಮಹಾರುದ್ರ ಐಟಿಐಯಲ್ಲಿ ವೆಲ್ಡಿಂಗ್ ಕಲಿಸುವವನು. ಕಬ್ಬಿಣಕ್ಕೆ ಕಬ್ಬಿಣ ಕೂಡಿಸಲು ಬರುತ್ತಿತ್ತು, ಅಪ್ಪನನ್ನೂ ಹೆಂಡತಿಯನ್ನೂ ಕೂಡಿಸಲು ಬರಲಿಲ್ಲ. ನೀಲಗಂಗಾಳಿಗೆ ದುಃಖಕ್ಕಿಂತ ಸಿಟ್ಟು ಹೆಚ್ಚಿತ್ತು. ಚಳಿಗಾಲದಲ್ಲಿ ಗರಡಿಗೆ ಬಟ್ಟೆ ಸುತ್ತಿಸಿದವಳು ಅವಳೇ. ಕಂಬಗಳಿಗೆ ಹಳೆಯ ಜಿಡ್ಡಿದೆ ಎಂದು ಗೊತ್ತಿದ್ದರಿಂದಲೇ ಮೇಲ್ಪದರ ಉಜ್ಜಿಸಿ, ತೊಳೆಸಿ, ಅಂಟು ಹಿಡಿಯುತ್ತದೆಯೇ ಎಂದು ಒಂದೊಂದು ಕಂಬಕ್ಕೂ ಉಕ್ಕಿನ ಬಿಲ್ಲೆ ಅಂಟಿಸಿ ಎಳೆದು ನೋಡಿದ್ದಳು. ಭಾರಿ ಎಳೆತಕ್ಕೆ ಕೊನೆಗೆ ಕಾಂಕ್ರೀಟಿನ ಚೂರು ಕಿತ್ತು ಬಂದಿತ್ತೇ ಹೊರತು ಅಂಟು ಬಿಟ್ಟಿರಲಿಲ್ಲ. ಅಷ್ಟು ಗಟ್ಟಿಯಾಗಿದ್ದ ಕಂಬ ಮೂರು ತಿಂಗಳಲ್ಲಿ ಸಾಯುವುದೆಂದರೇನು? ಯಂತ್ರದ ಅಂಕಿಗಳು ನಿಯಮದ ಪ್ರಕಾರ ಸರಿಯಾಗಿದ್ದವು, ಅದಕ್ಕೇ ರುಜು ಹಾಕಿದ್ದಳು. ಆದರೆ ಅವಳ ಮನಸ್ಸು ಒಪ್ಪಿರಲಿಲ್ಲ.

ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಕಂಬ ಕಂಬದ ಲೆಕ್ಕ ಬಿಡಿಸಿದಳು. ವಿಚಿತ್ರವೆಂದರೆ ಒಂದು ಎತ್ತರದವರೆಗೆ ಮಾತ್ರ ಬಟ್ಟೆ ಸತ್ತಂತಿತ್ತು, ಅದರ ಮೇಲೆ ಸರಿಯಾಗಿತ್ತು. ಆ ಎತ್ತರವೂ ಒಂದೇ ಸಮನಾಗಿರಲಿಲ್ಲ. ಒಂದನೆಯ ಕಂಬದಲ್ಲಿ ಏಳಡಿ, ನಾಲ್ಕನೆಯದರಲ್ಲಿ ಆರಡಿ ಒಂಬತ್ತಿಂಚು, ಹನ್ನೊಂದನೆಯದರಲ್ಲಿ ಬರೀ ಆರಡಿ ಎರಡಿಂಚು, ಹದಿನಾರನೆಯದರಲ್ಲಿ ಏಳೂವರೆ. ನೆಲದ ತೇವ ಏರಿದ್ದರೆ ಎಲ್ಲ ಕಂಬಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಏರಬೇಕಿತ್ತು. ಭೂಕಂಪ ಹೀಗೆ ಕಂಬಕ್ಕೊಂದು ಅಳತೆ ಇಟ್ಟುಕೊಂಡು ಬರುವುದಿಲ್ಲ.

ಅಷ್ಟರಲ್ಲಿ ಸಿದರಾಯರು ಹೊರಗಿನಿಂದ ಬಂದು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು. ಆ ಗೂಟ ಮನೆಯಲ್ಲಿ ಬೇರೆ ಯಾರ ಕೈಗೂ ಎಟುಕದು, ಅವರು ಕೈ ನೀಳವಾಗಿ ಚಾಚಿದರೆ ಮಾತ್ರ ಸಿಗುತ್ತದೆ. ನೀಲಗಂಗಾ ಸುಮ್ಮನೆ ನೋಡಿದಳು. ಎದ್ದು, ಸ್ಟೂಲು ಹತ್ತಿ, ಟೇಪು ಹಿಡಿದು ಅಳೆದಳು. ಏಳಡಿ ಆರಿಂಚು, ಹದಿನಾರನೆಯ ಕಂಬದ ಅಳತೆಯೇ.

ಹನ್ನೊಂದನೆಯ ಕಂಬ ಯಾರದ್ದು ಎಂದು ಸ್ಟೂಲಿನ ಮೇಲಿಂದಲೇ ಕೇಳಿದಳು. ಮುದುಕರು ಜಗಳ ಮರೆತು, ಗಿಡ್ಡ ದಾವಲಸಾಬನದು ಎಂದುಬಿಟ್ಟರು. ಆಮೇಲೆ ನಾಲಿಗೆ ಕಚ್ಚಿಕೊಂಡರು.

“ಮಾವಾರ, ನಾ ಬಿಲ್ಲೆ ಎಳೆದು ನೋಡಿ ಹೋದ ಮ್ಯಾಲ, ಬಟ್ಟಿ ಸುತ್ತೂ ಮದಲ, ನೀವು ಕಂಬಕ್ಕ ಏನ್ ಮಾಡಿದ್ರಿ?”

ಸಿದರಾಯರು ಗೋಡೆಯ ಕಡೆ ನೋಡಿದರು. ಗೋಡೆ ಏನೂ ಹೇಳಲಿಲ್ಲ.

“ಏನ್ ಮಾಡ್ತೀವಿ. ನಾಳಿಂದ ಅವು ಬಟ್ಟಿ ಉಟ್ಕೊಂಡು ನಿಂದರ್ತಾವು, ಇನ್ನ ನಮ್ಮ ಮೈ ಅವಕ್ಕ ತಾಗಂಗಿಲ್ಲ. ಹಂಗ ಬಿಟ್ಟು ಬರಾಕ ಮನಸ್ಸು ಬರಲಿಲ್ಲ. ಮುಂಜಾನೆದ್ದು ಎಲ್ಲಾರೂ ಅವರವರ ಕಂಬಕ್ಕ ಎಣ್ಣಿ ತಿಕ್ಕಿ ಮಜ್ಜನಾ ಮಾಡಿಸಿದಿವಿ. ಕೈ ಎಟುಕೂ ತನಕಾ.”

“ಎಷ್ಟ್ ಎಣ್ಣಿ?”

“ಕಂಬ ಕುಡದಷ್ಟು. ಕುಸುಬಿ ಎಣ್ಣಿ, ಗಾಣದ್ದು. ಆಮ್ಯಾಲ ಅರಿವಿಲೆ ಒರಸಿ ಲಕಲಕ ಮಾಡಿದ್ವಿ, ನಿನಗ ಕೆಲಸಕ್ಕ ತ್ರಾಸ ಆಗಬಾರದು ಅಂತ.”

ನೀಲಗಂಗಾ ಸ್ಟೂಲಿನ ಮೇಲೇ ಕೂತಳು. ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರು ಬಂತು. ಜಗತ್ತಿನ ಯಾವ ಕೈಪಿಡಿಯಲ್ಲೂ, ಕಂಬವನ್ನು ಬೀಳ್ಕೊಡಬೇಡಿ ಎಂದು ಬರೆದಿಲ್ಲ. ಅಂಟಿಗೂ ಕಾಂಕ್ರೀಟಿಗೂ ನಡುವೆ ಎಣ್ಣೆಯ ಪೊರೆ ಕೂತಿತ್ತು. ಬಟ್ಟೆ ಕಂಬದ ಜೊತೆ ಅಲುಗದೆ ಅಂಗಿಯಂತೆ ಸಡಿಲವಾಗಿ ನಿಂತಿತ್ತು. ಅಲುಗದ್ದನ್ನು ಕಂಡು ಯಂತ್ರ ಒಳಗಿನವನು ಸತ್ತಿದ್ದಾನೆ ಎಂದಿತ್ತು.

ಅವಳು ವಿವರಿಸಿ ಹೇಳಿದ ಮೇಲೆ ಸಿದರಾಯರ ಮುಖ ಕಪ್ಪಿಟ್ಟಿತು. ಹಾಗಾದರೆ ಗರಡಿಯನ್ನು ಕೊಂದವನು ತಾನೇ ಏನು ಎಂದು ಮೆಲ್ಲಗೆ ಕೇಳಿದರು.

“ಕಂಬ ಸತ್ತಿಲ್ಲ ಮಾವಾರ. ಅಂಟು ಹಿಡದಿಲ್ಲ, ಅಷ್ಟ,” ಎಂದಳು ಸೊಸೆ.

ಮರುದಿನ ಕೇಂದ್ರದಲ್ಲಿ ಮುಖ್ಯಸ್ಥ ಪಟ್ಟಣಕರರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಪಟ್ಟಣಕರರು ಕೆಟ್ಟ ಮನುಷ್ಯರಲ್ಲ. ಆರು ವರ್ಷದ ಹಿಂದೆ ಇನ್ನೊಂದು ಊರಿನಲ್ಲಿ, ಜನರ ಮಾತು ನಂಬಿ ಒಂದು ಹಳೆಯ ವಸತಿನಿಲಯವನ್ನು ಕೆಡವದೆ ಬಿಟ್ಟಿದ್ದರು. ಅದು ಬಿದ್ದಾಗ ಒಳಗೆ ಒಂಬತ್ತು ಮಂದಿ ಇದ್ದರು. ಅಂದಿನಿಂದ ಅವರು ಮನುಷ್ಯರ ಮಾತಿಗೆ ಕಿವಿ ಮುಚ್ಚಿಕೊಂಡು ಯಂತ್ರಕ್ಕೆ ಮಾತ್ರ ತೆರೆದಿದ್ದರು. ಎಣ್ಣೆಯ ಕಥೆ ನಿಜವಿರಬಹುದು, ಸುಳ್ಳೂ ಇರಬಹುದು. ಯಂತ್ರದಲ್ಲಿ ಕಥೆಗೆ ಜಾಗವಿಲ್ಲ ಎಂದರು.

ಬಟ್ಟೆ ಕಿತ್ತು ಮತ್ತೆ ಸುತ್ತಲು ಅನುಮತಿ ಕೊಡಿ ಎಂದಳು. ಕೊಡಲಾಗದು ಎಂದರು. ಹಾಗಿದ್ದರೆ ಅನುಮತಿ ಇಲ್ಲದೆಯೇ ಕೀಳುತ್ತೇನೆ, ಮುಚ್ಚುಮರೆ ಮಾಡುವುದಿಲ್ಲ, ಇಂದೇ ಕಾಗದದಲ್ಲಿ ಬರೆದು ಕೊಡುತ್ತೇನೆ ಎಂದಳು. ನೌಕರಿ ಹೋಗುತ್ತದೆ ಎಂದು ಅವರು ಎಚ್ಚರಿಸಿದರು.

“ಹೋಗ್ಲಿ ಬಿಡ್ರಿ ಸರ್. ಸುಳ್ಳ ವರದಿಗೆ ಒಂದ್ಸಲ ರುಜು ಹಾಕೀನಿ. ಅದನ್ನ ಅಳಿಸಾಕ ನೌಕರಿ ಹೋದ್ರೂ ಚಿಂತಿಲ್ಲ.”

ಅಮಾನತಿನ ಪತ್ರ ಅವಳು ಮನೆ ತಲುಪುವ ಮುಂಚೆಯೇ ಫೋನಿಗೆ ಬಂದಿತ್ತು. ಅದನ್ನು ಓದಿ, ಸೀರೆಯ ಸೆರಗು ಸಿಕ್ಕಿಸಿ, ನೆಟ್ಟಗೆ ಗರಡಿಗೆ ನಡೆದಳು.

ಉಳಿದದ್ದು ಹದಿನಾರು ದಿನ. ಮಹಾರುದ್ರ ಐಟಿಐಯಿಂದ ಉಕ್ಕಿನ ಜಾಕಿಗಳನ್ನು ತಂದ; ಒಂದು ಕಂಬಕ್ಕೆ ಕೈ ಹಚ್ಚುವಾಗ ಅದರ ಎರಡೂ ಮಗ್ಗುಲಿಗೆ ಜಾಕಿ ನಿಲ್ಲಿಸಿ ಮೇಲಿನ ತೊಲೆಯ ಭಾರ ಹೊರಿಸುತ್ತಿದ್ದರು. ಬಟ್ಟೆಯ ಕೆಳಭಾಗವನ್ನು ಕುಯ್ದಾಗ ಅದು ಬಾಳೆಯ ಸಿಪ್ಪೆಯಂತೆ ಸುಲಿದು ಬಂತು. ಹಿಂಬದಿ ಮುಟ್ಟಿದರೆ ಬೆರಳಿಗೆ ಜಿಗುಟು. ನೋಡುತ್ತ ಕೂತಿದ್ದ ದಾವಲಸಾಬ ಅಲ್ಲಿಂದ ಎದ್ದು ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಕಾಂಕ್ರೀಟಿನೊಳಗೆ ಇಳಿದ ಎಣ್ಣೆ ತೊಳೆದರೆ ಹೋಗುವುದಿಲ್ಲ, ಹೀರಿ ತೆಗೆಯಬೇಕು. ಹೀರುವ ಪುಡಿಯನ್ನು ದ್ರಾವಕದಲ್ಲಿ ಕಲಸಿ ಮೆತ್ತುವುದು ಕ್ರಮ. ಕೇಂದ್ರದ ಪುಡಿ ಸಿಗುವಂತಿರಲಿಲ್ಲ. ಆಗ ದಾರಿ ತೋರಿಸಿದವರು ಪೈಲ್ವಾನರು. ಕುಸ್ತಿ ಮುಗಿದ ಮೇಲೆ ಮೈಯ ಎಣ್ಣೆ ಇಳಿಸಲು ಅವರು ಉಜ್ಜಿಕೊಳ್ಳುವುದು ಜರಡಿ ಹಿಡಿದ ಒಣ ಕೆಮ್ಮಣ್ಣನ್ನೇ. ಅಖಾಡದ ಮಣ್ಣಿಗೆ ಮೊದಲೇ ಎಣ್ಣೆ ಕುಡಿಸಿರುತ್ತಾರೆ, ಅದು ಬರುವುದಿಲ್ಲ. ಹೊಸ ಮಣ್ಣು ಎರಡು ಗಾಡಿ ತರಿಸಿದರು. ದ್ರಾವಕದಲ್ಲಿ ಕಲಸಿ ಬೆರಳು ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಒಂದು ದಿನ ಬಿಟ್ಟು ತೆಗೆದರೆ ಮಣ್ಣು ಎಣ್ಣೆ ಹೀರಿ ಕಪ್ಪಾಗಿರುತ್ತಿತ್ತು. ಕಪ್ಪಾಗುವುದು ನಿಲ್ಲುವವರೆಗೆ ಮತ್ತೆ ಮತ್ತೆ ಮೆತ್ತಿದರು, ಆಮೇಲೆ ಕಾಲಿಂಚು ಮೈಯನ್ನು ಯಂತ್ರದಿಂದ ಉಜ್ಜಿ ತೆಗೆದರು. ಸುತ್ತಲು ಬೇಕಾದದ್ದು ಬೇರೆ ಕೆಲಸಗಳಲ್ಲಿ ಮಿಕ್ಕ, ಬೆಳಕಿನ ಎಳೆಯಿದ್ದ ತುಂಡು ಬಟ್ಟೆ. ಅದು ಕೇಂದ್ರದ ಉಗ್ರಾಣದಲ್ಲಿ ಕಸಕ್ಕೆ ಹೋಗಲು ಕಾದಿತ್ತು. ನೀಲಗಂಗಾ ಹಗಲು ಹೊತ್ತಿನಲ್ಲೇ ಹೋಗಿ, ತನ್ನ ಹೆಸರು ಬರೆದಿಟ್ಟು, ಹೊರಿಸಿಕೊಂಡು ಬಂದಳು. ತಡೆಯಲು ಬಂದ ಕಾವಲುಗಾರ ಅವಳ ಮುಖ ನೋಡಿ ಬಾಗಿಲು ಬಿಟ್ಟ.

ಆ ತುಂಡುಗಳನ್ನು ಸುತ್ತಿ, ಅವುಗಳ ಬೆಳಕಿನ ಎಳೆಗಳನ್ನು ಮೇಲಿನ ಬಟ್ಟೆಯ ಎಳೆಗಳಿಗೆ ಬೆಸೆದು ಹದಿನೈದು ಕಂಬ ಮುಗಿಸಿದರು. ಹದಿನಾರನೆಯದು ಮಾತ್ರ ಎಷ್ಟು ಸಲ ಮೆತ್ತಿದರೂ ಮಣ್ಣನ್ನು ಕಪ್ಪು ಮಾಡುತ್ತಲೇ ಇತ್ತು. ಅದರಲ್ಲಿದ್ದದ್ದು ಒಂದು ಮುಂಜಾನೆಯ ಎಣ್ಣೆಯಲ್ಲ, ಅರವತ್ತು ವರ್ಷದ್ದು. ಬೇರೆ ಕಂಬಗಳು ಒಡೆಯ ಬದಲಾಗುವಾಗ ವರ್ಷಗಟ್ಟಲೆ ಒಣಗಿರುತ್ತಿದ್ದವು, ಇದಕ್ಕೆ ಒಂದು ದಿನವೂ ಬಿಡುವಿರಲಿಲ್ಲ. ಚಳಿಗಾಲದಲ್ಲಿ ಒಳಗೇ ಕೂತಿದ್ದದ್ದು ಬೇಸಿಗೆಯ ಕಾವಿಗೆ ಒಸರುತ್ತಿತ್ತು. ಇನ್ನೂ ಆಳಕ್ಕೆ ಉಜ್ಜಿದರೆ ಸರಳೇ ಕಾಣುತ್ತಿತ್ತು. ದೇವರ ಮೇಲೆ ಭಾರ ಹಾಕಿ ಅದಕ್ಕೂ ಬಟ್ಟೆ ಸುತ್ತಿದಳು.

ಇಪ್ಪತ್ತೊಂದನೆಯ ದಿನ ಮಧ್ಯಾಹ್ನಕ್ಕೆ ಕೆಡವುವ ಯಂತ್ರ ಬಂದು ಗರಡಿಯ ಮುಂದೆ ನಿಂತಿತು. ಅಂಟು ಗಟ್ಟಿಯಾಗಿತ್ತು, ಆದರೆ ಪಂಚರು ತೀರ್ಪು ಬದಲಿಸಬೇಕಾದರೆ ಕಟ್ಟಡ ಅಲುಗಬೇಕು, ಮತ್ತು ಎಂಟು ವರ್ಷ ಬೇಡವೆಂದರೂ ಅಲುಗಿದ ನೆಲ ಬೇಕಾದಾಗ ಐದು ದಿನದಿಂದ ಗಪ್ಪನೆ ಮಲಗಿತ್ತು. ನೀಲಗಂಗಾಳಿಗೆ ರೇಗಿಹೋಯಿತು. ನೆಲ ಅಲುಗಿಸದಿದ್ದರೆ ನಾವೇ ಅಲುಗಿಸೋಣ ಎಂದಳು.

ಕಟ್ಟಡಕ್ಕೆ ತನ್ನದೇ ತೂಗಾಟದ ಲಯ ಇರುತ್ತದೆ. ಈ ಗುಮ್ಮಟದ್ದು ಸೆಕೆಂಡಿಗೆ ನಾಲ್ಕು ಸಲ. ಜೋಕಾಲಿಯನ್ನು ಒಂದು ಬಿಟ್ಟು ಒಂದು ಸಲ ತಳ್ಳಿದರೂ ಅದು ಏರುತ್ತದೆ. ಹಾಗೆಯೇ ಸೆಕೆಂಡಿಗೆ ಎರಡು ಸಲ, ಎಲ್ಲರೂ ಒಂದೇ ಕಡೆಗೆ, ಒಂದೇ ಕ್ಷಣಕ್ಕೆ ತಳ್ಳಿದರೆ ಸಾಕು. ಕಂಬಕ್ಕೆ ಮೂವರಂತೆ ನಲವತ್ತೆಂಟು ಪೈಲ್ವಾನರು ಮೂಡಣಕ್ಕೆ ಮುಖಮಾಡಿ ನಿಂತರು. ಹಲಗೆ ವಾದ್ಯದ ಬಡಿತಕ್ಕೆ ಸರಿಯಾಗಿ ಭುಜ ಕೊಟ್ಟರು. ಕೇಂದ್ರದಲ್ಲಿ ಪರದೆಯ ಮುಂದೆ ಕೂತಿದ್ದವಳು ತಬಸ್ಸುಮ್, ನೀಲಗಂಗಾಳ ಜೊತೆಗಾರ್ತಿ. ಅಮಾನತಾದವರೊಂದಿಗೆ ಮಾತಾಡಬಾರದೆಂದು ಅವಳಿಗೆ ಆದೇಶವಿತ್ತು. ಅವಳು ಫೋನನ್ನು ಮೇಜಿನ ಮೇಲಿಟ್ಟು, ತನಗೆ ತಾನೇ ಓದಿಕೊಳ್ಳುವವಳಂತೆ ಗಟ್ಟಿಯಾಗಿ ಓದತೊಡಗಿದಳು. ಒಂದು ಹಸಿರು. ಎರಡು ಹಸಿರು. ಗುಮ್ಮಟದಿಂದ ಸಣ್ಣಗೆ ಧೂಳು ಉದುರಿತು. ಹದಿನೈದು ಹಸಿರು.

ಹದಿನಾರನೆಯದು ಕೆಂಪು.

ಗಂಟೆ ಒಂದೂವರೆ. ನೀಲಗಂಗಾ ಮಾವನ ಬಳಿ ಹೋಗಿ ನಿಂತಳು. ಇಷ್ಟು ಕಷ್ಟದ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

“ಮಾವಾರ, ಈ ಕಂಬ ತಗೀಬೇಕು. ಇಲ್ಲದ ಕಂಬ ಕೆಂಪು ತೋರ್ಸಂಗಿಲ್ಲ.”

ಸಿದರಾಯರು ಕಂಬ ನೋಡಿದರು, ಹೊರಗೆ ನಿಂತ ಯಂತ್ರ ನೋಡಿದರು. ಮೇಲಿನ ಭಾರ ಯಾರು ಹೊರುತ್ತಾರೆ ಎಂದು ಮಾತ್ರ ಕೇಳಿದರು. ಈಗ ಎರಡು ಜಾಕಿ ಹೊರುತ್ತವೆ, ಲೆಕ್ಕ ಹಾಕಿದ್ದೇನೆ, ಮುಂದಿನ ತಿಂಗಳು ಅಲ್ಲೇ ಹೊಸ ಕಂಬ ಎರೆಯುತ್ತೇವೆ ಎಂದಳು. ಎಣ್ಣೆ ಕುಡಿದು ಮೆತ್ತಗಾದ ಕಂಬಕ್ಕಿಂತ ಉಕ್ಕಿನ ಜಾಕಿ ಎಷ್ಟೋ ಮೇಲು ಎಂದೂ ಹೇಳಿದಳು.

“ಹೊಸಾದಕ್ಕ ಎಣ್ಣಿ ಹಚ್ಚಂಗಿಲ್ಲೇನು?”

“ಹಚ್ಚಂಗಿಲ್ಲ.”

ಮುದುಕರು ತಲೆಯಾಡಿಸಿದರು. ಅಂಗಿ ತೆಗೆದು, ಬಟ್ಟೆ ಸುತ್ತಿದ್ದ ಕಂಬವನ್ನು ಒಂದು ಸಲ ಅಪ್ಪಿ ಹಿಡಿದರು. ನೂರು ಉಸಿರು ಎಣಿಸಲಿಲ್ಲ, ಅಷ್ಟು ಹೊತ್ತು ಇರಲಿಲ್ಲ. ಬಿಟ್ಟು ಹಿಂದೆ ಸರಿದಾಗ ಕಣ್ಣು ತುಂಬಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ, ಮರೆಸಲೂ ಇಲ್ಲ. ದಾವಲಸಾಬನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಮೊದಲ ಏಟು ತಾವೇ ಹಾಕಿದರು. ಆಮೇಲೆ ಮಹಾರುದ್ರನ ಗರಗಸ ನಡೆಯಿತು. ಮೇಲೆ ಕೆಳಗೆ ಎರಡು ಕಡೆ ಕೊಯ್ದು, ಹಗ್ಗ ಬಿಗಿದು, ಇಪ್ಪತ್ತು ಮಂದಿ ಎಳೆದು ಹೊರಗೆ ಸಾಗಿಸಿದರು. ತೊಲೆ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ.

ನಾಲ್ಕು ನಲವತ್ತಕ್ಕೆ ಪೈಲ್ವಾನರು ಮತ್ತೆ ಭುಜ ಕೊಟ್ಟರು. ಎಲ್ಲರ ಮೈ ಬೆವರಿನಲ್ಲಿ ತೊಯ್ದಿತ್ತು. ಕೇಂದ್ರದಲ್ಲಿ ತಬಸ್ಸುಮ್ ಈ ಸಲ ಮರೆಮಾಚುವ ಗೋಜಿಗೇ ಹೋಗದೆ ಫೋನು ಕಿವಿಗಿಟ್ಟುಕೊಂಡೇ ಓದಿದಳು. ಹದಿನೈದು ಕಂಬ, ಹದಿನೈದೂ ಹಸಿರು, ಆದೇಶ ರದ್ದು. ನೀಲಗಂಗಾ ಅಖಾಡದ ಅಂಚಿಗೆ ಕೂತುಬಿಟ್ಟಳು.

ಆಗಲೇ ಪಟ್ಟಣಕರರು ತಬಸ್ಸುಮಳಿಂದ ಫೋನು ಕಸಿದುಕೊಂಡದ್ದು. ಕಡತದಲ್ಲಿ ಹದಿನಾರು ಕಂಬ ಇದೆ, ಯಂತ್ರಕ್ಕೆ ಹದಿನೈದೇ ಕಾಣುತ್ತಿದೆ, ಹದಿನಾರನೆಯದು ಎಲ್ಲಿ ಎಂದು ಆ ಕಡೆಯಿಂದ ಗದರಿದರು. ಆ ಕಂಬದ ಹೆಸರಿಗೆ ಕೆಡವುವ ನೋಟಿಸು ಇನ್ನೂ ಬಾಕಿ ಇದೆ, ಅದನ್ನು ಏನು ಮಾಡಲಿ ಎಂದರು. ನೀಲಗಂಗಾ ಬಾಯಿ ತೆರೆಯುವಷ್ಟರಲ್ಲಿ ಸಿದರಾಯರು ಅವಳ ಕೈಯಿಂದ ಫೋನು ತೆಗೆದುಕೊಂಡರು.

“ಅದು ಹೊರಗ ಅಂಗಳದಾಗ ಮಲಗೇತ್ರಿ ಸಾಹೇಬ್ರ. ಬೇಕಾದ್ರ ಬಂದು ಅದಕ್ಕ ಹಚ್ಚಿ ಹೋಗ್ರಿ ನಿಮ್ಮ ನೋಟಿಸ. ನಿಂತಿದ್ದಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ, ಅದನ್ನ ನನ್ನ ಸೊಸಿ ನಿಂದರಿಸ್ಯಾಳ.”